ರಿಪೇರಿ ಟೇಬಲ್ ಮುಂದೆ ಕೂತು ರಿವ್ಯೂ ಓದಿದ್ದು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಮತ್ತು ರಿಪೇರಿ ಅಂಗಡಿ. ಮಿಕ್ಸರ್, ಕೂಲರ್, ಫ್ಯಾನ್, ಗೀಸರ್, ಇಸ್ತ್ರಿ ಪೆಟ್ಟಿಗೆ ಎಲ್ಲ ಬರುತ್ತವೆ. ಮೊದಲೆಲ್ಲ ಜನ ಕೆಟ್ಟ ಸಾಮಾನು ತಂದು, ರಿಪೇರಿಗೆ ಎಷ್ಟಾಗುತ್ತದೆ ಅಂತ ಕೇಳುತ್ತಿದ್ದರು. ಈಗ ಕೊಳ್ಳುವ ಮೊದಲೇ ಬರುತ್ತಾರೆ. ಫೋನ್ ಮುಂದೆ ಹಿಡಿದು, "ಅಣ್ಣಾ, ಇದಕ್ಕ ನಾಕೂವರಿ ಸ್ಟಾರ್ ಅದರಿ. ತೊಗೊಳ್ಳಲೋ ಬ್ಯಾಡೋ?" ಅಂತಾರೆ.

ಇದಕ್ಕೆ ಸುಮ್ನೆ ಹೌದು, ಇಲ್ಲ ಅಂತ ಹೇಳಿ ಕಳಿಸಲು ನನಗೆ ಆಗುವುದಿಲ್ಲ. ತೊಗರಿ ಮಾರಿದ ದುಡ್ಡಿನಲ್ಲಿ ಕೂಲರ್ ಕೊಳ್ಳುವವರು ಬರುತ್ತಾರೆ. ಮಗಳ ಮದುವೆಗೆ ಮಿಕ್ಸರ್ ಕೊಡುವವರು ಬರುತ್ತಾರೆ. ಅವರ ಫೋನ್ ಇಸಿದುಕೊಂಡು ಅವರ ಜೊತೆಗೇ ಕೂತು ರಿವ್ಯೂ ಓದುತ್ತೇನೆ. ಹಾಗೆ ಓದುತ್ತಾ ಓದುತ್ತಾ ನನ್ನದೊಂದು ರೂಢಿ ಬೆಳೆದಿದೆ.

ನಾನು ಮೊದಲು ನೋಡುವುದು ತಾರೀಖು. ಹೆಚ್ಚಿನವರು ಸಾಮಾನು ಕೈಗೆ ಬಂದ ವಾರದೊಳಗೆ ರಿವ್ಯೂ ಬರೆದುಬಿಡುತ್ತಾರೆ. ಕಂಪನಿಯವರು ಮೆಸೇಜ್ ಕಳಿಸಿ ಕೇಳುವುದೂ ಆಗಲೇ. ಆವಾಗ ಗೊತ್ತಿರುವುದು ಎಷ್ಟು? ಬಣ್ಣ ಚೆಂದ ಇದೆ, ಪ್ಯಾಕಿಂಗ್ ಗಟ್ಟಿ ಇದೆ, ಹೇಳಿದ ದಿನಕ್ಕೆ ಬಂತು. ಅಷ್ಟೇ. ಅದೇ ಮಿಕ್ಸರ್ ನನ್ನ ಟೇಬಲ್ ಮೇಲೆ ಬರುವುದು ವಾರಂಟಿ ಮುಗಿದ ಮೇಲೆ. ಶೇಂಗಾ ಹಿಂಡಿ, ಒಣ ಮೆಣಸಿನಕಾಯಿ ಖಾರ ಅರೆದು ಅರೆದು ಅದರ ಕಪ್ಲರ್, ಅಂದರೆ ಮೋಟಾರಿಗೂ ಜಾರಿಗೂ ನಡುವೆ ಕೂರುವ ಹಲ್ಲಿನ ಗಾಲಿ, ಸವೆದಿರುತ್ತದೆ. ಕಾರ್ಬನ್ ಬ್ರಶ್ ಮುಗಿದಿರುತ್ತದೆ. ಜಾರಿನ ಬುಶ್ ಹೋಗಿ ಎಣ್ಣೆ ನೀರು ಕೆಳಗೆ ಇಳಿದಿರುತ್ತದೆ. ಇದು ಒಂದೂ ಐದು ಸ್ಟಾರಿನ ರಿವ್ಯೂದಲ್ಲಿ ಇರುವುದಿಲ್ಲ. ಬರೆದವರು ಸುಳ್ಳು ಹೇಳಿದ್ದಾರೆ ಅಂತಲ್ಲ. ಬರೆಯುವ ಹೊತ್ತಿಗೆ ಇದೆಲ್ಲ ಅವರಿಗೆ ಗೊತ್ತಾಗಲು ಸಾಧ್ಯವೇ ಇರಲಿಲ್ಲ.

ಆದ್ದರಿಂದ ಯಾವುದು ಸುಳ್ಳು ರಿವ್ಯೂ ಅಂತ ಹುಡುಕುವ ಮೊದಲು ನಾನು ಬೇರೆ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇವರು ಇದನ್ನು ಎಷ್ಟು ದಿನ ಬಳಸಿದ್ದಾರೆ? ಎಲ್ಲಿ ಬಳಸಿದ್ದಾರೆ?

ಎಲ್ಲಿ ಅನ್ನುವುದು ಕೂಲರ್ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕೂಲರ್ ತಂಪು ಮಾಡುವುದು ನೀರು ಆವಿಯಾಗುವುದರಿಂದ. ಗಾಳಿ ಒಣಗಿದ್ದಷ್ಟು ನೀರು ಬೇಗ ಆವಿಯಾಗುತ್ತದೆ, ತಂಪು ಜಾಸ್ತಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಗಾಳಿ ಒಣ ಒಣ. ಅಂಥಲ್ಲಿ ಸಾಧಾರಣ ಕೂಲರ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರು, ಚೆನ್ನೈ ಕಡೆ ಗಾಳಿಯಲ್ಲೇ ನೀರು ತುಂಬಿರುತ್ತದೆ. ಅಲ್ಲಿಯವರು ಅದೇ ಕೂಲರಿಗೆ ಒಂದು ಸ್ಟಾರ್ ಕೊಟ್ಟು, "ಏನೂ ತಂಪಿಲ್ಲ, ಮೈ ಅಂಟಂಟು" ಅಂತ ಬರೆದಿರುತ್ತಾರೆ. ಅವರ ಊರಿಗೆ ಅದು ಪೂರ್ತಿ ನಿಜ. ಅಫಜಲಪುರದ ರೈತನಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಬೆಂಗಳೂರಿನವರದು ಇದರ ತದ್ವಿರುದ್ಧ. ಅಲ್ಲಿನ ಬೇಸಿಗೆಗೆ ಸಣ್ಣ ಕೂಲರೂ ಸಾಕು, ಐದು ಸ್ಟಾರ್ ಕೊಟ್ಟಿರುತ್ತಾರೆ. ಅದನ್ನು ನಂಬಿ ಇಲ್ಲಿ ತಗಡಿನ ಮನೆಗೆ ಪುಟ್ಟ ಕೂಲರ್ ತಂದರೆ ಮೇ ತಿಂಗಳ ಮಧ್ಯಾಹ್ನ ಯಾರೂ ಅದರ ಮುಂದಿನಿಂದ ಏಳುವ ಹಾಗಿಲ್ಲ.

ಇನ್ನು ನೀರು. ನಮ್ಮ ಕಡೆ ಬೋರ್ ನೀರು ಗಡಸು. ಆವಿಯಾದ ನೀರು ಹೋಗುತ್ತದೆ, ಅದರಲ್ಲಿದ್ದ ಸುಣ್ಣ ಅಲ್ಲೇ ಉಳಿಯುತ್ತದೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಜೇನುಗೂಡಿನಂಥ ಪ್ಯಾಡಿನ ಕಣ್ಣುಗಳು ಬೆಳ್ಳಗೆ ಕಟ್ಟಿಕೊಳ್ಳುತ್ತವೆ. ಪಂಪಿನ ಒಳಗಿನ ಸಣ್ಣ ರೆಕ್ಕೆ ಸುಣ್ಣ ಹಿಡಿದು ತಿರುಗುವುದೇ ನಿಲ್ಲುತ್ತದೆ. ಮನೆಯವರು ಕೂಲರ್ ಕೆಟ್ಟಿತು ಅಂತ ತರುತ್ತಾರೆ. ನೋಡಿದರೆ ಮೋಟಾರ್ ಗಟ್ಟಿಮುಟ್ಟು, ಕೆಟ್ಟಿರುವುದು ಪಂಪ್ ಮಾತ್ರ. ಹಾಗಾಗಿ ರಿವ್ಯೂ ಹುಡುಕುವ ಜಾಗದಲ್ಲಿ ನಾನು "ಪಂಪ್" ಅಂತ ಹೊಡೆಯುತ್ತೇನೆ, "ಪ್ಯಾಡ್" ಅಂತ ಹೊಡೆಯುತ್ತೇನೆ, ಇಂಗ್ಲಿಷಿನಲ್ಲೂ ಹಿಂದಿಯಲ್ಲೂ. ನಾಗಪುರ, ಸೋಲಾಪುರ, ರಾಯಚೂರು, ಜೋಧಪುರದವರು ಬರೆದಿದ್ದರೆ ಗಮನ ಕೊಟ್ಟು ಓದುತ್ತೇನೆ. ಅವರ ಬಿಸಿಲು ನಮ್ಮ ಬಿಸಿಲಿಗೆ ಹತ್ತಿರ.

ಸರಾಸರಿ ಸ್ಟಾರ್ ಬಗ್ಗೆಯೂ ಒಂದು ಲೆಕ್ಕ ಹೇಳಬೇಕು. ಒಂದು ಮಿಕ್ಸರಿಗೆ 100 ಜನ ಸ್ಟಾರ್ ಕೊಟ್ಟಿದ್ದಾರೆ ಅಂದುಕೊಳ್ಳಿ. 60 ಜನ ಐದು, 20 ಜನ ನಾಲ್ಕು, 10 ಜನ ಮೂರು, 5 ಜನ ಎರಡು, 5 ಜನ ಒಂದು. ಸರಾಸರಿ 4.25. ಇನ್ನೊಂದಕ್ಕೆ 78 ಜನ ಐದು, 4 ಜನ ನಾಲ್ಕು, 2 ಜನ ಮೂರು, 2 ಜನ ಎರಡು, 14 ಜನ ಒಂದು. ಸರಾಸರಿ 4.3. ಮೇಲಿಂದ ನೋಡಿದರೆ ಎರಡನೆಯದೇ ಮೇಲು. ಆದರೆ ಅದರಲ್ಲಿ ನೂರಕ್ಕೆ 14 ಜನರಿಗೆ ಪೂರ್ತಿ ನಿರಾಸೆ ಆಗಿದೆ, ಮೊದಲನೆಯದರಲ್ಲಿ 5 ಜನರಿಗೆ ಮಾತ್ರ. ಅದಕ್ಕೇ ನಾನು ದೊಡ್ಡ ಅಂಕಿ ಬಿಟ್ಟು ಕೆಳಗಿನ ಪಟ್ಟಿ ಬಿಚ್ಚಿ ನೋಡುತ್ತೇನೆ. ತಾನು ತೋರಿಸುವ ಅಂಕಿ ಬರೀ ಸರಾಸರಿ ಅಲ್ಲ, ರಿವ್ಯೂ ಎಷ್ಟು ಹೊಸದು, ಬರೆದವರು ನಿಜವಾಗಿ ಕೊಂಡಿದ್ದಾರಾ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ ಅಂತ ಅಮೆಜಾನ್ ಹೇಳುತ್ತದೆ. ಇರಲಿ. ಪಟ್ಟಿ ನೋಡುವ ರೂಢಿ ನಾನು ಬಿಟ್ಟಿಲ್ಲ. ನನಗೆ ಹೆಚ್ಚು ಉಪಯೋಗಕ್ಕೆ ಬರುವುದು ಎರಡು ಮತ್ತು ಮೂರು ಸ್ಟಾರಿನವು. ಐದರವರಿಗೆ ಖುಷಿ, ಒಂದರವರಿಗೆ ಸಿಟ್ಟು. ನಡುವಿನವರು ಯಾವುದು ಸರಿ, ಯಾವುದು ಸರಿಯಿಲ್ಲ ಅಂತ ಬಿಡಿಸಿ ಹೇಳಿರುತ್ತಾರೆ.

ಒಂದೇ ಪುಟದಲ್ಲಿ ಬೇರೆ ಬೇರೆ ಮಾಡೆಲ್ ಸೇರಿಸಿರುವುದನ್ನೂ ನೋಡಬೇಕು. 500 ವ್ಯಾಟ್ ಮಿಕ್ಸರ್, 750 ವ್ಯಾಟ್ ಮಿಕ್ಸರ್ ಎರಡೂ ಒಂದೇ ಕಡೆ ಇರುತ್ತವೆ, ರಿವ್ಯೂ ಎಲ್ಲ ಬೆರೆತಿರುತ್ತದೆ. ಚಟ್ನಿಗೆ 500 ಸಾಕು ಅಂದವರ ಮಾತು ಕೇಳಿ, ಒಣ ಖಾರ ಅರೆಯುವ ಮನೆಯವರು ಅದನ್ನೇ ತರುತ್ತಾರೆ. ಕೆಲವು ಸಲ ಹಳೆಯ ಬೇರೆ ಸಾಮಾನಿನ ಪುಟವನ್ನೇ ಹೊಸದಕ್ಕೆ ಬಳಸಿರುತ್ತಾರೆ. ಮಿಕ್ಸರ್ ಕೆಳಗೆ "ಸೈಜ್ ಸರಿಯಾಗಿ ಕೂತಿದೆ, ಬಟ್ಟೆ ಮೃದು" ಅಂತ ಕಂಡರೆ ಆ ಪುಟ ಮುಚ್ಚಿಬಿಡಿ.

ಈಗ ದುಡ್ಡು ಕೊಟ್ಟು ಬರೆಸಿದ ರಿವ್ಯೂ ವಿಷಯಕ್ಕೆ ಬರುತ್ತೇನೆ. ಇದು ನನಗೆ ನಿಜಕ್ಕೂ ನೋವು ಕೊಡುವ ವಿಷಯ.

ಜೇವರ್ಗಿ ಕಡೆಯ ಒಬ್ಬ ಅಕ್ಕ ಮಿಕ್ಸರ್ ತಂದಿದ್ದರು, ಬಂದ ಡಬ್ಬಿಯ ಸಮೇತ. ಕಪ್ಲರ್ ಮುರಿದಿತ್ತು. ಡಬ್ಬಿಯ ತಳದಲ್ಲಿ ವಿಸಿಟಿಂಗ್ ಕಾರ್ಡಿನಷ್ಟು ದೊಡ್ಡ ಒಂದು ಚೀಟಿ ಇತ್ತು. ನುಣುಪು ಕಾಗದ, ಹೊಂಬಣ್ಣದ ಅಂಚು. ಮೇಲೆ ಇಂಗ್ಲಿಷಿನಲ್ಲಿ ಧನ್ಯವಾದ. ಕೆಳಗೆ ಐದು ನಕ್ಷತ್ರ ಸಾಲಾಗಿ. ಐದು ಸ್ಟಾರ್ ಕೊಟ್ಟು, ಫೋಟೋ ಹಾಕಿ, ಅದರ ಸ್ಕ್ರೀನ್‌ಶಾಟ್ ಈ ವಾಟ್ಸಾಪ್ ನಂಬರಿಗೆ ಕಳಿಸಿದರೆ 150 ರೂಪಾಯಿ ನಿಮ್ಮ ಯುಪಿಐಗೆ ಬರುತ್ತದೆ ಅಂತಿತ್ತು. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ತೊಂದರೆ ಇದ್ದರೆ ದಯವಿಟ್ಟು ರಿವ್ಯೂ ಬರೆಯಬೇಡಿ, ಮೊದಲು ನಮಗೆ ಫೋನ್ ಮಾಡಿ.

"ಅಕ್ಕಾ, ಈ ಚೀಟಿ ನೋಡಿದ್ರೇನು?" ಅಂದೆ.

"ನಮ್ಮ ಹುಡುಗ ಕಳಸ್ಯಾನ್ರಿ, ದುಡ್ಡೂ ಬಂದಾವ. ಆವಾಗ ಮಿಕ್ಸರ್ ಛಲೋನೇ ಇತ್ತಲ್ರಿ ಅಣ್ಣಾ," ಅಂದರು.

ಅವರ ತಪ್ಪು ಏನೂ ಇಲ್ಲ. ಆವಾಗ ಅದು ಛಲೋನೇ ಇತ್ತು. ಚೀಟಿ ಬರೆದವರ ಲೆಕ್ಕ ಬೇರೆ. ಖುಷಿಯಾದವರು ಎಲ್ಲರೆದುರು ಬರೆಯಬೇಕು, ಬೇಜಾರಾದವರು ಗುಟ್ಟಾಗಿ ಫೋನ್ ಮಾಡಬೇಕು. ಆ ಪುಟದ ಅಂಕಿ ಹೀಗೆ ಏರುತ್ತಾ ಹೋಗುತ್ತದೆ, ಮುಂದಿನವರು ಅದನ್ನು ನೋಡಿ ಕೊಳ್ಳುತ್ತಾರೆ.

ಇದಕ್ಕಿಂತ ದೊಡ್ಡ ದಂಧೆಯೂ ಇದೆ. ನಮ್ಮ ಓಣಿಯ ಕಾಲೇಜು ಹುಡುಗನೊಬ್ಬ ಅವನಿದ್ದ ಟೆಲಿಗ್ರಾಂ ಗುಂಪನ್ನು ನನಗೆ ತೋರಿಸಿದ. ಅವರು ಹೇಳಿದ ಸಾಮಾನನ್ನು ನಮ್ಮ ದುಡ್ಡಿನಲ್ಲೇ ಕೊಳ್ಳಬೇಕು. ಐದು ಸ್ಟಾರ್ ರಿವ್ಯೂ ಬರೆದು ಅದು ಪುಟದಲ್ಲಿ ಕಾಣಿಸಿದ ಮೇಲೆ ಪೂರ್ತಿ ದುಡ್ಡು ವಾಪಸ್. ಸಾಮಾನು ಪುಕ್ಕಟೆ. ಆ ರಿವ್ಯೂಗೆ "ಖರೀದಿ ಖಚಿತ" ಅನ್ನುವ ಗುರುತು ಕೂಡ ಬೀಳುತ್ತದೆ, ಯಾಕಂದರೆ ಖರೀದಿ ನಿಜವಾಗಿಯೂ ಆಗಿದೆ. ಆ ಗುರುತು ಹೇಳುವುದು ಇಷ್ಟೇ: ಈ ಖಾತೆಯಿಂದ ಇಲ್ಲಿ ಕೊಂಡಿದ್ದಾರೆ. ದುಡ್ಡು ಕೊನೆಗೆ ಯಾರ ಜೇಬಿನಿಂದ ಹೋಯಿತು ಅಂತ ಅದು ಹೇಳುವುದಿಲ್ಲ. ಪುಕ್ಕಟೆ ಸಾಮಾನು ಕೊಟ್ಟು ರಿವ್ಯೂ ಬರೆಸುವುದನ್ನು ಅಮೆಜಾನ್ 2016ರಲ್ಲೇ ನಿಲ್ಲಿಸಿತ್ತು, ತಾನೇ ನಡೆಸುವ ಯೋಜನೆಯೊಂದನ್ನು ಬಿಟ್ಟು. ಆದರೂ 2022ರಲ್ಲಿ 10,000ಕ್ಕೂ ಹೆಚ್ಚು ಫೇಸ್‌ಬುಕ್ ಗುಂಪುಗಳನ್ನು ನಡೆಸುತ್ತಿದ್ದವರ ಮೇಲೆ ಅದೇ ಕಂಪನಿ ಕೇಸ್ ಹಾಕಬೇಕಾಯಿತು. ಗುಂಪು ಮುಚ್ಚಿದರೆ ಇನ್ನೊಂದು ಹುಟ್ಟುತ್ತದೆ.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವನು ತಾನೇ ಗ್ರಾಹಕ ಅಂತ ಹೇಳಿಕೊಂಡು ರಿವ್ಯೂ ಬರೆಯುವಂತಿಲ್ಲ. 2022ರ ನವೆಂಬರಿನಲ್ಲಿ ಬಿಐಎಸ್, ಅಂದರೆ ಸಾಮಾನುಗಳ ಗುಣಮಟ್ಟದ ಮಾನದಂಡ ಹಾಕುವ ಸರ್ಕಾರಿ ಸಂಸ್ಥೆ, ಆನ್‌ಲೈನ್ ರಿವ್ಯೂಗಳಿಗೇ ಒಂದು ಮಾನದಂಡ ತಂದಿತು, ಐಎಸ್ 19000. ಬರೆದವರು ಯಾರು ಅಂತ ಖಚಿತ ಮಾಡಿಕೊಳ್ಳಬೇಕು, ದುಡ್ಡು ಕೊಟ್ಟು ಬರೆಸಿದ್ದನ್ನು ಹಾಕಬಾರದು ಅಂತ ಅದು ಹೇಳುತ್ತದೆ. ತಂದಾಗ ಕಂಪನಿಗಳು ಮನಸ್ಸಿದ್ದರೆ ಪಾಲಿಸಬಹುದು ಅಂತಿತ್ತು, ಕಡ್ಡಾಯ ಇರಲಿಲ್ಲ. ಮೊದಲ ದಿನದಿಂದಲೇ ಕಡ್ಡಾಯ ಇರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಬರೆಸಿದ ರಿವ್ಯೂ ಗುರುತಿಸಲು ನಾನು ನೋಡುವುದು ಇಷ್ಟು. ಎರಡು ಮೂರು ದಿನದಲ್ಲಿ ಐದು ಸ್ಟಾರ್ ರಾಶಿ ಬಿದ್ದು ಆಮೇಲೆ ತಿಂಗಳುಗಟ್ಟಲೆ ಖಾಲಿ ಇದೆಯಾ? ಸಾಮಾನಿನ ಪೂರ್ತಿ ಹೆಸರು, ಮಾಡೆಲ್ ನಂಬರ್ ಸಮೇತ ಬರೆದಿದ್ದಾರಾ? ಮನೆಯಲ್ಲಿ ಬಳಸುವವರು "ಈ ಮಿಕ್ಸರ್" ಅನ್ನುತ್ತಾರೆ, ಮಾಡೆಲ್ ನಂಬರ್ ಯಾರಿಗೆ ನೆನಪಿರುತ್ತದೆ ಅಲ್ವಾ? ಫೋಟೋದಲ್ಲಿ ಸಾಮಾನು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆಯಾ? ಬರೆದವರ ಹೆಸರು ಒತ್ತಿ ಅವರ ಬೇರೆ ರಿವ್ಯೂ ನೋಡಿ. ಒಂದೇ ವಾರದಲ್ಲಿ ಟ್ರಿಮ್ಮರ್, ಇಯರ್‌ಫೋನ್, ಕುಕ್ಕರ್, ಹೇರ್ ಆಯಿಲ್, ಎಲ್ಲದಕ್ಕೂ ಐದು ಸ್ಟಾರ್ ಇದ್ದರೆ ನಾನು ಆ ಮಾತು ಬಿಟ್ಟುಬಿಡುತ್ತೇನೆ.

ವಿಡಿಯೋ ನೋಡಿ ಬರುವವರೂ ಇದ್ದಾರೆ. ವಿಡಿಯೋ ಕೆಳಗೆ ಕೊಡುವ ಲಿಂಕಿನಿಂದ ಕೊಂಡರೆ ಮಾಡಿದವರಿಗೆ ಕಮಿಷನ್ ಸಿಗುವುದುಂಟು. ಪುಕ್ಕಟೆ ಪಡೆದಿದ್ದರೆ, ದುಡ್ಡು ತಗೊಂಡಿದ್ದರೆ ಅದನ್ನು ವಿಡಿಯೋದಲ್ಲೇ ಸ್ಪಷ್ಟವಾಗಿ ಹೇಳಬೇಕು ಅಂತ ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಸೂಚನೆ ಕೊಟ್ಟಿದೆ. ಹೇಳಿದವರನ್ನು ನಾನು ಹೆಚ್ಚು ನಂಬುತ್ತೇನೆ. ಬಿಚ್ಚಿ ಒಳಗಿನ ವೈಂಡಿಂಗ್ ತಾಮ್ರವೋ ಅಲ್ಯೂಮಿನಿಯಮ್ಮೋ ಅಂತ ತೋರಿಸಿದರೆ ಇನ್ನೂ ಹೆಚ್ಚು.

ಹಾಗಂತ ನನ್ನ ಮಾತನ್ನೂ ಕಣ್ಣು ಮುಚ್ಚಿ ನಂಬಬೇಡಿ. ನನ್ನ ಹತ್ತಿರ ಬರುವುದೆಲ್ಲ ಕೆಟ್ಟ ಸಾಮಾನೇ. ಚೆನ್ನಾಗಿ ನಡೆಯುವುದನ್ನು ಯಾರೂ ಅಂಗಡಿಗೆ ತರುವುದಿಲ್ಲ. ಜಿಲ್ಲೆಯಲ್ಲಿ ಹೆಚ್ಚು ಮಾರಾಟವಾದ ಬ್ರ್ಯಾಂಡೇ ನನ್ನ ಟೇಬಲ್ ಮೇಲೂ ಹೆಚ್ಚು ಕಾಣುತ್ತದೆ. ಅದನ್ನು ನೋಡಿ ಆ ಬ್ರ್ಯಾಂಡ್ ಕೆಟ್ಟದ್ದು ಅಂದರೆ ಅದೂ ಪಕ್ಷಪಾತದ ರಿವ್ಯೂನೇ. ಅದಕ್ಕೇ ಬ್ರ್ಯಾಂಡ್ ಹೆಸರು ಎಣಿಸುವುದಕ್ಕಿಂತ, ಒಂದೇ ಮಾಡೆಲಿನಲ್ಲಿ ಒಂದೇ ಭಾಗ ಮತ್ತೆ ಮತ್ತೆ ಹೋಗುತ್ತಿದೆಯಾ ಅಂತ ನೋಡುತ್ತೇನೆ. ಮತ್ತೆ, ಆ ಭಾಗ ಕಲಬುರಗಿಯಲ್ಲಿ ಸಿಗುತ್ತದಾ ಅಂತ ವಿಚಾರಿಸುತ್ತೇನೆ. ಐದು ಸ್ಟಾರ್ ಇದ್ದು ಕಪ್ಲರ್ ಸಿಗದ ಮಿಕ್ಸರಿಗಿಂತ, ನಾಲ್ಕು ಸ್ಟಾರ್ ಇದ್ದು ಯಾವ ಅಂಗಡಿಯಲ್ಲಾದರೂ ಕಪ್ಲರ್ ಸಿಗುವ ಮಿಕ್ಸರನ್ನೇ ತಗೊಳ್ಳಿ ಅನ್ನುತ್ತೇನೆ.

ಐಎಸ್‌ಐ ಗುರುತು ಇದ್ದರೆ ಅದರ ಹತ್ತಿರ ಸಿಎಂ/ಎಲ್ ಅಂತ ಶುರುವಾಗುವ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಕಂಪನಿಗೆ, ಯಾವ ಸಾಮಾನಿಗೆ ಲೈಸೆನ್ಸ್ ಕೊಟ್ಟಿದ್ದಾರೆ ಅಂತ ಬರುತ್ತದೆ. ಗೀಸರ್ ಕೊಳ್ಳುವವರು ಇದನ್ನು ಬಿಡಲೇಬಾರದು. ಫ್ರಿಜ್, ಫ್ಯಾನ್ ಮೇಲೆ ಅಂಟಿಸಿರುವ ಸ್ಟಾರೇ ಬೇರೆ. ಅದು ಕರೆಂಟ್ ಎಷ್ಟು ಉಳಿಸುತ್ತದೆ ಅಂತ ಹೇಳುತ್ತದೆ. ಜನ ಮೆಚ್ಚಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮೋಸ ಹೋದವರಿಗೆ ದಾರಿ ಇದೆ. ಮೊದಲು ಸಾಮಾನು ಕೊಂಡ ಆ್ಯಪ್‌ನಲ್ಲೇ ದೂರು ಕೊಡಿ. 48 ಗಂಟೆಯೊಳಗೆ ದೂರು ಬಂದಿದೆ ಅಂತ ಅವರು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು, ಇದು ನಿಯಮ. ಆಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ಡಬ್ಬಿಯಲ್ಲಿ ಅಂಥ ಚೀಟಿ ಬಂದರೆ ಎಸೆಯದೆ ಫೋಟೋ ತೆಗೆದಿಟ್ಟುಕೊಳ್ಳಿ, ದೂರಿನ ಜೊತೆ ಕಳಿಸಲು ಆಗುತ್ತದೆ.

ನನ್ನ ಹತ್ತಿರ ಸಾಮಾನು ರಿಪೇರಿ ಮಾಡಿಸಿಕೊಂಡು ಹೋಗುವವರಿಗೆ ಈಗೀಗ ಇನ್ನೊಂದು ಮಾತು ಹೇಳುತ್ತಿದ್ದೇನೆ. ನಿಮ್ಮ ರಿವ್ಯೂ ಈಗ ಬರೆಯಿರಿ, ಒಂದು ಬೇಸಿಗೆ ಕಳೆದ ಮೇಲೆ, ಕನ್ನಡದಲ್ಲೇ. ಜೇವರ್ಗಿ ಅಕ್ಕ ಮುಂದಿನ ಸಲ ಕೂಲರ್ ಪಂಪ್ ಹಾಕಿಸಲು ಬಂದಾಗ ನನ್ನ ಅಂಗಡಿಯಲ್ಲೇ ಕೂತು, ಮಗನ ಕೈಯಲ್ಲಿ ಹೀಗೆ ಬರೆಸಿದರು:

"ಜೇವರ್ಗಿ, ಕಲಬುರಗಿ ಜಿಲ್ಲೆ. ಮಾರ್ಚ್‌ನಿಂದ ದಿನಾ ರಾತ್ರಿ ಹಚ್ಚಿದ್ದೇವೆ. ಬೋರ್ ನೀರು. ಗಾಳಿ ಛಲೋ ಬರುತ್ತದೆ. ಇನ್ವರ್ಟರ್ ಮೇಲೆ ನಡೆಯುತ್ತದೆ. ಮೇ ತಿಂಗಳಲ್ಲಿ ಪಂಪ್ ಹೋಯಿತು, 18 ವ್ಯಾಟಿನದು, ಕಲಬುರಗಿಯಲ್ಲಿ ಸಿಕ್ಕಿತು. ಕೆಳಗಿನ ಒಂದು ಗಾಲಿ ಮುರಿದಿದೆ. ಮೂರು ಸ್ಟಾರ್."

ಆ ಕೂಲರ್ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಇದನ್ನೇ ತೆಗೆದು ತೋರಿಸುತ್ತೇನೆ. ಬೇಕಾದರೆ ತಗೊಳ್ಳಿ, ಜೊತೆಗೆ 18 ವ್ಯಾಟಿನ ಒಂದು ಪಂಪ್ ಹೆಚ್ಚಿಗೆ ತಂದಿಟ್ಟುಕೊಳ್ಳಿ ಅನ್ನುತ್ತೇನೆ.