ಕುಡಿ ತಂಬುಳಿ: ಮೊದ್ಲು ಕುಡಿ ಕೊಯ್ಯೋದು ಕಲೀರಿ

ಕುಡಿ ಅಂದ್ರೆ ಎಳೆ ಚಿಗುರು, ಅದನ್ನ ಹುರಿದು ಬೀಸಿ ಮಜ್ಜಿಗೆಗೆ ಬೆರೆಸಿದ್ರೆ ಕುಡಿ ತಂಬುಳಿ. ಮೊನ್ನೆ ನೆಂಟರ ಮನೇಲಿ ಕುಡಿ ತಂಬುಳಿ ಅಂತ ಬಡಿಸಿದ್ರು. ಹಸಿ ಎಲೆ ಮಿಕ್ಸಿಗೆ ಹಾಕಿ ಕಾಯಿ ಜೊತೆ ತಿರುವಿ, ಮಜ್ಜಿಗೆ ಸುರಿದು, ಮೇಲಿಂದ ಕುದಿಸಿದ್ದಾರೆ! ಒಡೆದ ಮಜ್ಜಿಗೆ, ಬಾಯಿತುಂಬ ನಾರು. ನಂಗೆ ಸುಮ್ನಿರೋಕಾಗ್ಲಿಲ್ಲ, ಅದಕ್ಕೇ ಬರೀತಿದ್ದೀನಿ. ತಂಪು ಹುಳಿನೇ ತಂಬುಳಿ ಆಗಿರೋದು, ಅದನ್ನ ಒಲೆ ಮೇಲಿಟ್ರೆ ಉಳಿಯೋದೇನು?

ಶಿವರಾತ್ರಿ ಕಳೆದು ಯುಗಾದಿ ಬರೋ ಹೊತ್ತಿಗೆ ನಮ್ಮ ಶಿರಸಿ ಕಡೆ ಸೊಪ್ಪಿನ ಬೆಟ್ಟದ ಅಂಚಲ್ಲಿ ಕೆಂಪು ಚಿಗುರು ಏಳತ್ತೆ. ಅಡಿಕೆ ತೋಟದ ಗೊಬ್ಬರಕ್ಕೆ ಸೊಪ್ಪು ಬೇಕು ಅಂತ ಎಕರೆ ತೋಟಕ್ಕೆ 9 ಎಕರೆ ಬೆಟ್ಟ ಬಿಟ್ಟಿದ್ದ ಕಾಲದಿಂದ್ಲೂ ಹೆಂಗಸರಿಗೆ ಅದೇ ತರಕಾರಿ ಅಂಗಡಿ. ಕುಂಟನೇರಳೆ, ನೆಕ್ಕರಿಕ, ನೆಲ್ಲಿ, ಕೇಪಳ, ಮುರುಗಲು, ಮನೆ ಹತ್ರ ಬಂದ್ರೆ ಪೇರಲೆ, ದಾಳಿಂಬೆ. ಎಲ್ಲದರ ಕುಡಿನೂ ಆಗತ್ತೆ, ಎರಡು ಮೂರು ಬೆರೆಸಿದ್ರೆ ಇನ್ನೂ ಚಂದ. ಆದ್ರೆ ಗುರ್ತು ಇಲ್ದಿದ್ದನ್ನ ಮುಟ್ಟಬೇಡಿ. ಅದೇ ಬೆಟ್ಟದಲ್ಲಿ ಕಾಸರಕನೂ ಚಿಗುರತ್ತೆ, ಅದು ವಿಷ. ಫೋನಲ್ಲಿ ಫೋಟೋ ನೋಡಿ ಕೊಯ್ಯೋದಲ್ಲ, ಗೊತ್ತಿರೋರ ಜೊತೆ ಒಂದು ವರ್ಷ ಓಡಾಡಿ.

ಉಗುರು ತಾಗಿಸಿದ್ರೆ ಪಟ್ ಅಂತ ಮುರೀಬೇಕು, ಜಗ್ಗಬೇಕು ಅಂದ್ರೆ ಅದು ಎಲೆ ಆಯ್ತು, ಬಿಡಿ. ತುದಿಯ ಎರಡೋ ಮೂರೋ ಎಲೆ ಸಾಕು, ಒಂದೇ ಗಿಡ ಬೋಳಿಸಬೇಡಿ. ಪ್ಲಾಸ್ಟಿಕ್ ಕವರಲ್ಲಿ ತುಂಬಿದ್ರೆ ಮನೆ ಮುಟ್ಟೋದ್ರೊಳಗೆ ಬೆವೆತು ಕಪ್ಪಾಗತ್ತೆ, ಬುಟ್ಟಿ ಒಯ್ಯಿರಿ.

ಈಗ ಹುರಿಯೋದು, ಎಲ್ರೂ ಕೆಡಿಸೋದು ಇಲ್ಲೇ. ಕಬ್ಬಿಣದ ಬಾಣಲೆ, ಸಣ್ಣ ಉರಿ, ತುಪ್ಪ ಧಾರಾಳ. ಮೊದ್ಲು ಜೀರಿಗೆ, ನಾಲ್ಕೈದು ಕಾಳುಮೆಣಸು ಹಾಕಿ, ಪರಿಮಳ ಬಂದ ಮೇಲೆ ಒಂದು ಹಿಡಿ ಕುಡಿ. ತೊಳೆದ ಕುಡಿಯ ನೀರು ಬಟ್ಟೆ ಮೇಲೆ ಪೂರ್ತಿ ಆರಿರ್ಬೇಕು. ಹಾಕಿದ ತಕ್ಷಣ ಚುರುಚುರು ಅನ್ನತ್ತೆ, ಅದು ಒಳಗಿನ ನೀರು ಹೋಗೋ ಸದ್ದು. ಕೆಂಪು ಬಣ್ಣ ಹೋಗಿ ಕಂದು ಆಗತ್ತೆ, ಆಗ್ಲೂ ಇಳಿಸಬೇಡಿ, ಸೌಟು ಬಿಡದೆ ಕೈಯಾಡಿಸ್ತಾ ಇರಿ. ಸದ್ದು ತಾನಾಗೇ ನಿಲ್ಬೇಕು. ನಮ್ಮತ್ತೆ ಬಾಣಲೆ ಕಡೆ ನೋಡ್ತಾನೇ ಇರ್ಲಿಲ್ಲ, ಜಗಲಿಯಲ್ಲಿ ಚಾಲಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಅಡಿಕೆ ಸುಲೀತಾ ಕೂತೇ "ಸದ್ದು ನಿಂತ್ತು, ಇಳ್ಸೇ ಕೂಸೇ" ಅಂತಿದ್ರು. ನಾನು ಓಡಿ ಹೋಗಿ ಒಂದು ಕುಡಿ ಬೆರಳಲ್ಲಿ ಹಿಸುಕಿದ್ರೆ ಪುಡಿ ಆಗ್ತಿತ್ತು. ಅವರು ಹೇಳೋಕೆ ಮುಂಚೆ ಇಳಿಸಿದ ದಿನ ಮಾತ್ರ ಒಗರು ಗಂಟಲಿಗೆ ಹಿಡಿದು ಮಾವ ಊಟದ ನಡುವೆ ಕೆಮ್ಮಿದ್ರು, ಆವತ್ತಿಂದ ನಾನೂ ಕಿವಿಯಲ್ಲೇ ಹುರೀತೀನಿ.

ಹುರಿದದ್ದನ್ನ ತಟ್ಟೆಗೆ ಹರಡಿ ಆರಿಸಿ, ಬಿಸಿ ಇದ್ದಾಗ್ಲೇ ಮಿಕ್ಸಿಗೆ ಹಾಕೋ ಅವಸರ ಯಾಕೆ? ಮೊದ್ಲು ಕುಡಿ ಒಂದನ್ನೇ ಸ್ವಲ್ಪ ಮಜ್ಜಿಗೆ ಹಾಕಿ ನುಣ್ಣಗೆ ಬೀಸಿ, ಆಮೇಲೆ ಕಾಯಿತುರಿ. ಒಟ್ಟಿಗೆ ಹಾಕಿದ್ರೆ ಕಾಯಿ ನುಣ್ಣಗಾಗತ್ತೆ, ಕುಡಿ ತರಿ ಉಳಿಯತ್ತೆ. ಕಡೆದ ಮಜ್ಜಿಗೆ, ಜಾಸ್ತಿ ಹುಳಿ ಬಂದಿರಬಾರ್ದು, ತೆಳ್ಳಗಾಗೋವರೆಗೂ ಹೊಯ್ದು ಉಪ್ಪು ಹಾಕಿ. ತುಪ್ಪದಲ್ಲಿ ಸಾಸಿವೆ, ಒಣಮೆಣಸಿನ ಒಗ್ಗರಣೆ ಅಷ್ಟೇ. ಮಿಕ್ಕಿದ್ದನ್ನ ಮೈಕ್ರೋವೇವಲ್ಲಿಡೋ ಯೋಚನೆ ಮಾಡ್ಬೇಡಿ.

ಜಾಸ್ತಿ ಕೊಯ್ದಿದ್ರೆ ನೆರಳಲ್ಲಿ ಒಣಗಿಸಿ ಡಬ್ಬ ತುಂಬಿ, ಮಳೆಗಾಲದಲ್ಲಿ ಹೊಟ್ಟೆ ಕೆಟ್ಟಾಗ ಅದೇ ಕೈಹಿಡಿಯೋದು. ಏಪ್ರಿಲ್ ಮೇನಲ್ಲಿ ಕೊಡಸಿಗೆ ಮರ ಹೂವು ಬಿಡತ್ತಲ್ಲ, ಅದನ್ನೂ ಹಾಗೇ ಒಣಗಿಸಿಡಿ, ತಂಬುಳಿಗಾಗತ್ತೆ. ಕುಡಿ ಕೊಯ್ಯೋ ಹೊತ್ತಲ್ಲೇ ಅಪ್ಪೆಮಿಡಿ, ಅಂದ್ರೆ ಉಪ್ಪಿನಕಾಯಿಗೆ ಹಾಕೋ ಎಳೆ ಮಾವಿನಮಿಡಿ ಕೆಲ್ಸಾನೂ ಬರತ್ತೆ, ಅಲ್ಲೂ ಇದೇ ಅವಸರ, ಮರ ಅಲ್ಲಾಡಿಸಿ ಮಿಡಿ ನೆಲಕ್ಕೆ ಬೀಳಿಸ್ತಾರೆ. ಪೆಟ್ಟು ಬಿದ್ದ ಮಿಡಿ ಜಾಡಿಯಲ್ಲಿ ಮೆತ್ತಗಾಗತ್ತೆ, ತೊಟ್ಟು ಸಮೇತ ಕೊಯ್ದು ಬುಟ್ಟೀಲಿ ಇಳಿಸ್ರಪ್ಪ.

ತಂಬುಳಿನ ಮೊದ್ಲಿನ ಅನ್ನಕ್ಕೇ ಬಡಿಸಿ, ಸಾರು ಆಮೇಲೆ. ಖಾರ ಉಂಡ ನಾಲಿಗೆಗೆ ಕುಡಿಯ ರುಚಿ ಹತ್ತಲ್ಲ.