ಕೆಂಪಿಯ ಪಾದಗಳು ಮತ್ತು ಪುಣೆಯ ಅಕ್ಟೋಬರ್

ನಮ್ಮ ನಾಯಿ ಕೆಂಪಿಯ ಮೈಯೆಲ್ಲ ಕೆಮ್ಮಣ್ಣಿನ ಬಣ್ಣ. ನಾಲ್ಕು ಪಾದಗಳು ಮಾತ್ರ ಬಿಳಿ. ಅವಳಿಗೆ ಎರಡು ವರ್ಷ ತುಂಬಿದ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ, ಬೆರಳುಗಳ ಸಂದಿನ ಬಿಳಿಯ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದ್ದನ್ನು ನಾನು ಮೊದಲ ಸಲ ಗಮನಿಸಿದೆ. ಟೇಕಡಿಯ, ಅಂದರೆ ಇಲ್ಲಿಯ ಗುಡ್ಡದ, ಮಣ್ಣು ಅಂಟಿರಬೇಕೆಂದು ತೊಳೆದೆ, ಹೋಗಲಿಲ್ಲ. ನಾಯಿಯ ಜೊಲ್ಲಿನಲ್ಲಿರುವ ಪಾರ್ಫಿರಿನ್ ಎಂಬ ಅಂಶವು ಒಂದೇ ಜಾಗವನ್ನು ದಿನಗಟ್ಟಲೆ ನೆಕ್ಕಿದಾಗ ಕೂದಲಿಗೆ ಹಿಡಿಸುವ ಬಣ್ಣ ಅದು ಎಂಬುದು ನನಗೆ ಆಮೇಲೆ ತಿಳಿಯಿತು. ಅಂದರೆ ನಾನು ಕಣ್ಣು ತೆರೆದು ನೋಡುವ ಎಷ್ಟೋ ದಿನಗಳ ಮೊದಲೇ ಅವಳ ತುರಿಕೆ ಶುರುವಾಗಿತ್ತು.

ಪುಣೆಯ ಕೋಥರೂಡಿನ ನಮ್ಮ ಮನೆಗೆ ಆಗ ಧಾರವಾಡದಿಂದ ಅವ್ವ ಬಂದಿದ್ದಳು. ರಾತ್ರಿ ಅವಳ ಮಂಚದ ಕೆಳಗೆ ಮಲಗುತ್ತಿದ್ದ ಕೆಂಪಿ ಎರಡು ಗಂಟೆಗೊಮ್ಮೆ ಎದ್ದು ಚಪಚಪನೆ ಕಾಲು ನೆಕ್ಕುವ, ಹಿಂಗಾಲಿನಿಂದ ಕಂಕುಳನ್ನು ಕೆರೆದುಕೊಳ್ಳುವ ಸದ್ದಿಗೆ ಅವ್ವನಿಗೂ ಎಚ್ಚರವಾಗುತ್ತಿತ್ತು. "ಯವ್ವಾ, ಇದು ಹಿಂಗ ರಾತ್ರಿಯೆಲ್ಲಾ ಕೆರಕೊಂಡ್ರ ಮೈಯಾಗ ಚರ್ಮ ಉಳಿತದೇನ? ಏನರ ಮಾಡಬೇಕವಾ" ಎಂದು ಮೂರನೆಯ ದಿನ ಬೆಳಿಗ್ಗೆ ಹೇಳಿದಳು. ಆ ಮಾತಿನ ಮೇಲೆ ನಾನು ಮಾಡಿದ ಮೊದಲ ಎರಡು ಕೆಲಸಗಳೂ ತಪ್ಪಾಗಿದ್ದವು. ಬೇರೆಯವರು ಅದೇ ತಪ್ಪು ಮಾಡಬಾರದೆಂದು ಅವನ್ನೇ ಮೊದಲು ಬರೆಯುತ್ತಿದ್ದೇನೆ.

ಒಂದು, ನಾವು ಮೈಗೆ ಹಚ್ಚುವ ಕ್ರಿಮಿನಾಶಕ ಸೋಪಿನಿಂದ ದಿನ ಬಿಟ್ಟು ದಿನ ಅವಳಿಗೆ ಸ್ನಾನ ಮಾಡಿಸಿದೆ. ನಾಯಿಯ ಹೊರಚರ್ಮವು ಮನುಷ್ಯರ ಚರ್ಮಕ್ಕಿಂತ ಬಹಳ ತೆಳುವು. ನಮ್ಮ ಚರ್ಮ ಆಮ್ಲೀಯವಾಗಿದ್ದರೆ ಅವುಗಳದು ಹೆಚ್ಚುಕಡಿಮೆ ತಟಸ್ಥ. ನಮ್ಮ ಸೋಪು ಆ ತೆಳುವಾದ ಪದರದ ಜಿಡ್ಡನ್ನು ತೊಳೆದುಹಾಕಿ, ಮೊದಲೇ ಬಿರುಕುಬಿಟ್ಟ ಗೋಡೆಯನ್ನು ಇನ್ನಷ್ಟು ಒಣಗಿಸಿಬಿಟ್ಟಿತು. ಎರಡು, ಒಣಗಿದ ಚರ್ಮಕ್ಕೆ ತಂಪಾಗಲೆಂದು ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದೆವು. ಮನೆಮದ್ದಿನ ಬಗ್ಗೆ ನನಗೆ ಅಗೌರವವಿಲ್ಲ, ಆದರೆ ಕಂಕುಳು ಮತ್ತು ತೊಡೆಸಂದಿನಂಥ ಗಾಳಿಯಾಡದ ಜಾಗದಲ್ಲಿ ಎಣ್ಣೆ ನಿಂತರೆ ಅಲ್ಲಿ ಯೀಸ್ಟ್ ಎಂಬ ಸೂಕ್ಷ್ಮ ಶಿಲೀಂಧ್ರ ಸೊಕ್ಕುತ್ತದೆ. ಒಂದು ವಾರದೊಳಗೆ ಕೆಂಪಿಯ ಹೊಟ್ಟೆಯ ಚರ್ಮ ಕಪ್ಪಿಟ್ಟು, ಹಳಸಿದ ಹಿಟ್ಟಿನಂಥ ಹುಳಿವಾಸನೆ ಬರತೊಡಗಿತು.

ಆಗ ಹೋದ ಒಂದು ಕ್ಲಿನಿಕ್ಕಿನಲ್ಲಿ ಚರ್ಮವನ್ನು ಸರಿಯಾಗಿ ನೋಡದೆಯೇ ಒಂದು ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರು. ಎರಡೇ ದಿನಗಳಲ್ಲಿ ತುರಿಕೆ ಮಾಯವಾಯಿತು, ಮೂರನೆಯ ವಾರ ಇಮ್ಮಡಿಯಾಗಿ ಮರಳಿತು. ನಡುವಿನ ದಿನಗಳಲ್ಲಿ ಅವಳು ಕೊಡಗಟ್ಟಲೆ ನೀರು ಕುಡಿದು, ಎಂದೂ ಮನೆಯೊಳಗೆ ಮೂತ್ರ ಮಾಡದವಳು ರಾತ್ರಿ ತಡೆಯಲಾರದೆ ಬಾಗಿಲ ಬಳಿ ಮಾಡಿ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಸ್ಟಿರಾಯ್ಡ್ ಕೆಟ್ಟ ಔಷಧವೆಂದು ನಾನು ಹೇಳುತ್ತಿಲ್ಲ. ತೀವ್ರವಾದ ಉರಿಯೂತದಲ್ಲಿ ಅದು ಬೇಕಾಗುತ್ತದೆ. ಕಾರಣ ಹುಡುಕದೆ ಅದನ್ನು ಕೊಟ್ಟಿದ್ದೇ ನನ್ನ ದೂರು.

ಎರಡನೆಯ ಪಶುವೈದ್ಯರು ಮೊದಲ ಭೇಟಿಯಲ್ಲಿ ಮುಕ್ಕಾಲು ಗಂಟೆ ಕೊಟ್ಟರು. ಒತ್ತುಹಲ್ಲಿನ ಬಾಚಣಿಗೆಯಿಂದ ಬಾಲದ ಬುಡವನ್ನು ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆಮಾಡಿದ ಬಿಳಿ ಕಾಗದದ ಮೇಲೆ ಕೊಡವಿದರು. ಸಾಸಿವೆಗಿಂತ ಸಣ್ಣ ಒಂದು ಕಣದ ಸುತ್ತ ನಿಧಾನವಾಗಿ ಕೆಂಗಂದು ಬಣ್ಣ ಹರಡಿತು. ಬರೀ ಧೂಳಾಗಿದ್ದರೆ ಹಾಗೆ ಹರಡುತ್ತಿರಲಿಲ್ಲ. ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ಕೆಂಪಿಯದೇ ರಕ್ತ. ಒಂದೇ ಒಂದು ಚಿಗಟವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ಚರ್ಮವನ್ನು ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ಕಜ್ಜಿಯ ನುಸಿ ಇದೆಯೇ ಎಂದು ನೋಡಿದರು, ಕಾಣಲಿಲ್ಲ. ಕೊನೆಗೆ ಪಾರದರ್ಶಕ ಅಂಟುಪಟ್ಟಿಯನ್ನು ಬೆರಳ ಸಂದಿಗೆ ಒತ್ತಿ ತೆಗೆದು, ಬಣ್ಣ ಹಾಕಿ ನನಗೂ ತೋರಿಸಿದರು. ಹೆಜ್ಜೆಗುರುತಿನಂತೆ ನಡುವೆ ಸೊಂಟವಿದ್ದ ನೇರಳೆ ಕಣಗಳು ಗುಂಪುಗುಂಪಾಗಿ ಕಂಡವು: ಮಲಸೇಜಿಯ ಎಂಬ ಯೀಸ್ಟ್.

ಅವರು ವಿವರಿಸಿದ್ದನ್ನು ನಾನು ಹೀಗೆ ಅರ್ಥಮಾಡಿಕೊಂಡೆ. ಕೆಂಪಿಯದು ಹುಟ್ಟಿನಿಂದಲೇ ಅಲರ್ಜಿಯ ಒಲವಿರುವ ಚರ್ಮ. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಅದು ತಲೆದೋರುತ್ತದೆ. ಪಾದ, ಮುಖ, ಕಿವಿ, ಕಂಕುಳು, ಹೊಟ್ಟೆ, ತೊಡೆಸಂದುಗಳೇ ಅದರ ನೆಲೆ. ಮಳೆ ನಿಂತ ಮೇಲೆ ಹೂಬಿಡುವ ಹುಲ್ಲಿನ ಪರಾಗ, ಮಳೆಗಾಲದ ತೇವದಲ್ಲಿ ಮನೆಯ ಧೂಳಿನಲ್ಲಿ ಹೆಚ್ಚುವ ನುಸಿ, ಒಂದೆರಡು ಚಿಗಟಗಳ ಕಡಿತ, ಕೆರೆದ ಜಾಗದಲ್ಲಿ ಬೆಳೆದ ಯೀಸ್ಟ್, ಇವುಗಳಲ್ಲಿ ಯಾವುದೊಂದನ್ನೇ ಆದರೂ ಅವಳು ಹೇಗೋ ತಾಳಿಕೊಳ್ಳಬಲ್ಲಳು. ಎಲ್ಲವೂ ಒಂದರ ಮೇಲೊಂದು ಬಿದ್ದಾಗ ತಾಳಿಕೆಯ ಗೆರೆ ದಾಟುತ್ತದೆ. ಪರಾಗವನ್ನು ತಡೆಯುವುದು ಯಾರಿಂದಲೂ ಆಗದು. ಉಳಿದ ಹೊರೆಗಳನ್ನು ಒಂದೊಂದಾಗಿ ಇಳಿಸಿದರೆ ಅವಳು ಗೆರೆಯ ಕೆಳಗೆ ಉಳಿಯಬಹುದು. ಜನವರಿಯಿಂದ ಮೇವರೆಗೆ ಅವಳಿಗೆ ತುರಿಕೆಯೇ ಇರುವುದಿಲ್ಲವೆಂದು ನಾನು ಹೇಳಿದ್ದರಿಂದ ಆಹಾರದ ಅಲರ್ಜಿಯ ಸಂಶಯವನ್ನು ಅವರು ಬದಿಗಿಟ್ಟರು. ಆಹಾರದಿಂದ ಬರುವ ತುರಿಕೆ ಋತು ನೋಡಿ ಬರುವುದಿಲ್ಲ. ರಕ್ತಪರೀಕ್ಷೆ ಮಾಡಿಸಲೇ ಎಂದು ಕೇಳಿದೆ. ಅದು ರೋಗವನ್ನು ಗುರುತಿಸುವ ಪರೀಕ್ಷೆಯಲ್ಲ, ಮುಂದೆ ಅಲರ್ಜಿಗೆ ಲಸಿಕೆಯಂಥ ಚಿಕಿತ್ಸೆ ಕೊಡುವುದಾದರೆ ಯಾವ ಅಂಶ ಸೇರಿಸಬೇಕೆಂದು ಆರಿಸಲು ಬೇಕಾಗುವಂಥದ್ದು ಎಂದರು.

ಅಂದಿನಿಂದ ಒಂದು ನೋಟುಪುಸ್ತಕ ಇಟ್ಟೆ. ಪ್ರತಿ ರಾತ್ರಿ ಮಲಗುವ ಮೊದಲು ಆ ದಿನದ ತುರಿಕೆಗೆ 0ಯಿಂದ 10ರವರೆಗೆ ಒಂದು ಅಂಕ, ಪಕ್ಕದಲ್ಲಿ ಆ ದಿನ ನಡೆದಾಡಿದ ಜಾಗ, ಸ್ನಾನ, ಔಷಧ. ನಾನು ಮಾಡಿದ ಎಲ್ಲ ಕೆಲಸಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ ಎಂದು ನಂಬಿದ್ದೇನೆ. ದಿನವೂ ಜೊತೆಗಿರುವವರಿಗೆ ಸುಧಾರಣೆಯೂ ಕಾಣುವುದಿಲ್ಲ, ಹದಗೆಡುವುದೂ ಕಾಣುವುದಿಲ್ಲ.

ಚಿಗಟದ ಕೆಲಸ ಸುಲಭವೆಂದುಕೊಂಡಿದ್ದೆ. ಆದರೆ ನಾಯಿಯ ಮೇಲೆ ಓಡಾಡುವ ದೊಡ್ಡ ಚಿಗಟಗಳು ಒಟ್ಟು ಸಂತತಿಯ ಒಂದು ಸಣ್ಣ ಪಾಲು ಮಾತ್ರ. ಮೊಟ್ಟೆ, ಮರಿಹುಳು, ಗೂಡುಗಳೆಲ್ಲ ಚಾಪೆ, ಸೋಫಾದ ಸಂದು, ಮಂಚದ ಕೆಳಗೆ ಇರುತ್ತವೆ. ಆದ್ದರಿಂದ ತಿಂಗಳಿಗೊಂದರಂತೆ ಮೂರು ತಿಂಗಳು ತಪ್ಪದೆ ಔಷಧ ಕೊಟ್ಟೆವು, ಅವಳ ಹಾಸಿಗೆಯ ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆದೆವು. ಆ ಬಿಸಿಗೆ ಧೂಳಿನ ನುಸಿಯೂ ಸಾಯುತ್ತದೆ.

ಸ್ನಾನದ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಒಳ್ಳೆಯ ಶಾಂಪೂ ತಂದೂ ಫಲ ಸಿಗಲಿಲ್ಲವೆನ್ನುವವರಲ್ಲಿ ಹೆಚ್ಚಿನವರು ಸಮಯ ಕೊಟ್ಟಿರುವುದಿಲ್ಲ. ವೈದ್ಯರು ಬರೆದುಕೊಟ್ಟದ್ದು ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ (ಬ್ಯಾಕ್ಟೀರಿಯಾ, ಯೀಸ್ಟ್ ತಗ್ಗಿಸುವ ಔಷಧಗಳು) ಇರುವ ಶಾಂಪೂ; ಮೊದಲ ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ಒಂದು ಸಲ. ನೀರು ಉಗುರುಬೆಚ್ಚಗಿಗಿಂತಲೂ ತುಸು ತಣ್ಣಗಿರಬೇಕು, ಬಿಸಿನೀರು ತುರಿಕೆಯನ್ನು ಕೆರಳಿಸುತ್ತದೆ. ಮೊದಲು ಕೂದಲಿನ ಬುಡದವರೆಗೂ ನೀರು ಇಳಿಸಿ, ಶಾಂಪೂವನ್ನು ನೇರವಾಗಿ ಸುರಿಯದೆ ಒಂದು ತಂಬಿಗೆಯಲ್ಲಿ ಕದಡಿ, ತುರಿಕೆ ಹೆಚ್ಚಿರುವ ಪಾದ ಮತ್ತು ಕಂಕುಳಿನಿಂದ ಆರಂಭಿಸುತ್ತೇನೆ. ಬೆರಳುಗಳ ನಡುವೆ ನನ್ನ ಕಿರುಬೆರಳು ಹಾಕಿ ಬಿಡಿಸಿದರೆ, ಮೇಲಿನಿಂದ ಕಾಣದ ಕೆಂಪು, ಅಂಟು, ಕೆಲವೊಮ್ಮೆ ಒಂದು ಹುಲ್ಲಿನ ಮುಳ್ಳು ಸಿಗುತ್ತದೆ. ನೊರೆ ಹಚ್ಚಿದ ಮೇಲೆ ಗಡಿಯಾರ ನೋಡಿ ಪೂರ್ತಿ ಹತ್ತು ನಿಮಿಷ ಬಿಡಬೇಕು. ಆ ಹತ್ತು ನಿಮಿಷ ಕೆಂಪಿ ನೆಕ್ಕದಂತೆ ಅವಳ ಮುಂದೆ ಕೂತು, ಸಿಹಿಗುಂಬಳದ ಬೇಯಿಸಿದ ತುಂಡುಗಳನ್ನು ಒಂದೊಂದಾಗಿ ಕೊಡುತ್ತೇನೆ. ತೊಳೆಯುವುದಕ್ಕೆ ಹಚ್ಚಿದ್ದರ ಎರಡರಷ್ಟು ಸಮಯ ಬೇಕು. ಉಳಿದ ಶಾಂಪೂ ತಾನೇ ಹೊಸ ತುರಿಕೆಯಾಗುತ್ತದೆ. ಒರೆಸುವಾಗ ಉಜ್ಜಬಾರದು, ಟವೆಲನ್ನು ಒತ್ತಿ ನೀರು ಹೀರಿಸಬೇಕು, ಬೆರಳ ಸಂದು ಪೂರ್ತಿ ಒಣಗಬೇಕು.

ಯೀಸ್ಟ್ ತಗ್ಗಿದ ಮೇಲೆ, ಸ್ನಾನವಿಲ್ಲದ ದಿನ ತುರಿಕೆ ಎದ್ದರೆ ಸಿಹಿಯಾಗಲಿ ಪರಿಮಳವಾಗಲಿ ಬೆರೆಸದ ಸಾದಾ ಓಟ್ಸನ್ನು ಮಿಕ್ಸಿಯಲ್ಲಿ ಮೈದಾದಷ್ಟು ನುಣ್ಣಗೆ ಪುಡಿ ಮಾಡಿ ತಣ್ಣೀರಿನಲ್ಲಿ ಕದಡಿದರೆ ಹಾಲಿನಂತಾಗುತ್ತದೆ; ಅದರಲ್ಲಿ ಪಾದಗಳನ್ನು ಹತ್ತು ನಿಮಿಷ ಅದ್ದಿಡುತ್ತೇನೆ. ಹೊಟ್ಟೆಗೆ ತಣ್ಣೀರಿನಲ್ಲಿ ಹಿಂಡಿದ ಹಳೆಯ ಧೋತರದ ಬಟ್ಟೆ ಸಾಕು. ಇವು ಕಾಯಿಲೆಯನ್ನು ವಾಸಿಮಾಡುವುದಿಲ್ಲ, ಒಂದೆರಡು ತಾಸು ನೆಮ್ಮದಿಯ ನಿದ್ದೆ ಕೊಡುತ್ತವೆ. ನಿದ್ದೆಗೆಟ್ಟ ಪ್ರಾಣಿಗೆ ಆ ಎರಡು ತಾಸಿನ ಬೆಲೆ ದೊಡ್ಡದು.

ನಡೆದಾಟದ ಜಾಗದ ಬಗ್ಗೆ ನನಗೆ ಪಾಠ ಹೇಳಿದ್ದು ನೋಟುಪುಸ್ತಕವೇ. ವೇತಾಳ ಟೇಕಡಿಗೆ ಹೋದ ದಿನಗಳ ರಾತ್ರಿ ಅಂಕ 7 ಅಥವಾ 8, ಸೊಸೈಟಿಯ ಹಿಂದಿನ ಡಾಂಬರು ಗಲ್ಲಿಯಲ್ಲೇ ತಿರುಗಾಡಿದ ದಿನ 4. ಮಳೆಗಾಲದಲ್ಲಿ ಮೊಣಕಾಲೆತ್ತರ ಬೆಳೆಯುವ ಟೇಕಡಿಯ ಹುಲ್ಲು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ತೆನೆಬಿಟ್ಟು ನಿಂತಿರುತ್ತದೆ. ಖಾಲಿ ನಿವೇಶನಗಳಲ್ಲಿ ಅದರ ಜೊತೆಗೆ ಪಾರ್ಥೇನಿಯಂ, ನಮ್ಮ ಕಡೆ ಕಾಂಗ್ರೆಸ್ ಗಿಡ ಎನ್ನುವುದು, ಇಲ್ಲಿಯವರ ಬಾಯಲ್ಲಿ ಗಾಜರ್ ಗವತ್. ಭಾರತದಲ್ಲಿ ಈ ಕಳೆ 1950ರ ದಶಕದಲ್ಲಿ ಮೊದಲು ಗಮನಕ್ಕೆ ಬಂದದ್ದು ಇದೇ ಪುಣೆಯಲ್ಲಿ. ಅದರ ಸ್ಪರ್ಶ ಮನುಷ್ಯರ ಚರ್ಮವನ್ನೂ ದನಗಳ ಚರ್ಮವನ್ನೂ ಕೆರಳಿಸುತ್ತದೆ. ಹೊಟ್ಟೆಯ ಮೇಲೆ ಕೂದಲೇ ಇಲ್ಲದ ಕೆಂಪಿಯನ್ನು ಅದರೊಳಗೆ ಓಡಲು ಬಿಡುವುದನ್ನು ನಾನು ಅಂದೇ ನಿಲ್ಲಿಸಿದೆ. ಈಗ ಆ ಎರಡು ತಿಂಗಳು ಟೇಕಡಿ ಬಂದ್. ಗಲ್ಲಿಯಿಂದ ಬಂದ ಮೇಲೂ ಬಾಗಿಲಲ್ಲಿ ಇಟ್ಟ ಬೋಗುಣಿಯ ನೀರಿನಲ್ಲಿ ನಾಲ್ಕು ಪಾದ ಅದ್ದಿಸಿ, ಹೊಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸುತ್ತೇನೆ, ಏಕೆಂದರೆ ನಾಯಿಗೆ ಪರಾಗ ಉಸಿರಿನಿಂದಷ್ಟೇ ಅಲ್ಲ, ಮುಖ್ಯವಾಗಿ ಚರ್ಮದ ಮೂಲಕವೇ ತೊಂದರೆ ಕೊಡುತ್ತದೆ.

ಇಷ್ಟೆಲ್ಲ ಮಾಡಿದರೂ ಮೊದಲ ವರ್ಷದ ಋತುವಿನಲ್ಲಿ ಅಂಕ 4ಕ್ಕಿಂತ ಕೆಳಗಿಳಿಯಲಿಲ್ಲ. ಚರ್ಮದ ಸೋಂಕು ತಗ್ಗಿದ್ದನ್ನು ಖಚಿತಪಡಿಸಿಕೊಂಡ ಮೇಲೆ ವೈದ್ಯರು ಓಕ್ಲಾಸಿಟಿನಿಬ್ ಬರೆದುಕೊಟ್ಟರು. ತುರಿಕೆಯ ಸಂದೇಶ ಸಾಗುವ ದಾರಿಯನ್ನೇ ತಡೆಯುವ ಔಷಧವಿದು. ಕೆಂಪಿಯ ತೂಕ 17 ಕಿಲೋ. ಅದಕ್ಕೆ 16 ಮಿಲಿಗ್ರಾಂ ಮಾತ್ರೆಯ ಅರ್ಧ, ಮೊದಲು ದಿನಕ್ಕೆ ಎರಡು ಸಲದಂತೆ 14 ದಿನ, ಆಮೇಲೆ ಒಂದೇ ಸಲ. ಮರುದಿನವೇ ಅವಳು ರಾತ್ರಿಯಿಡೀ ಮಲಗಿದಳು. ಒಂದು ವರ್ಷ ತುಂಬದ ಮರಿಗಳಿಗೆ ಮತ್ತು ಗಂಭೀರ ಸೋಂಕು ಇರುವ ನಾಯಿಗಳಿಗೆ ಇದನ್ನು ಕೊಡುವಂತಿಲ್ಲ. ಆದ್ದರಿಂದ ನಾನು ಬರೆದ ಪ್ರಮಾಣವನ್ನು ನೋಡಿ ಯಾರೂ ತಾವೇ ಅಂಗಡಿಯಿಂದ ತಂದು ಕೊಡಬಾರದು. ಮೀನೆಣ್ಣೆಯನ್ನೂ ಅದೇ ದಿನ ಶುರುಮಾಡಿದೆವು, ಆದರೆ ಅದರ ಫಲ ಕಾಣಲು ಎರಡು ಮೂರು ತಿಂಗಳು ಬೇಕು. ತುರಿಕೆ ಬಂದ ಮೇಲೆ ಶುರುಮಾಡಿದರೆ ಋತುವೇ ಮುಗಿದಿರುತ್ತದೆ.

ನಮ್ಮ ಶೀತ-ನೆಗಡಿಯ ಮಾತ್ರೆಗಳನ್ನು ಕೊಡಬಹುದೇ ಎಂದು ಪರಿಚಯದ ಕನ್ನಡಿಗರೊಬ್ಬರು ಕೇಳಿದ್ದರು. ಅಲರ್ಜಿಯ ಆ ಮಾತ್ರೆಗಳು ನಾಯಿಗಳ ತುರಿಕೆಗೆ ಅಷ್ಟಕ್ಕಷ್ಟೇ. ಮೂಗು ಕಟ್ಟುವುದಕ್ಕೆ ಸೂಡೋಎಫೆಡ್ರಿನ್ ಬೆರೆಸಿದ ಮಾತ್ರೆಯಂತೂ ಅವುಗಳಿಗೆ ವಿಷ. ಹುಣ್ಣಿಗೆಂದು ಟೀ ಟ್ರೀ ಎಣ್ಣೆ ಹಚ್ಚುವವರಿದ್ದಾರೆ, ಅದೂ ನಾಯಿಗೆ ವಿಷವೇ.

ಎರಡನೆಯ ವರ್ಷ ನಾನು ಸೆಪ್ಟೆಂಬರಿಗಾಗಿ ಕಾಯಲಿಲ್ಲ. ಮೀನೆಣ್ಣೆಯನ್ನು ಜೂನಿನಲ್ಲಿ, ವಾರದ ಸ್ನಾನವನ್ನು ಗಣಪತಿ ಹಬ್ಬಕ್ಕೆ ಮೊದಲೇ ಶುರುಮಾಡಿದೆ. ಆ ಋತುವಿನಲ್ಲಿ ಮಾತ್ರೆ ಬೇಕಾದದ್ದು ಮೂರು ವಾರ ಮಾತ್ರ, ಅಂಕ 6 ದಾಟಿದ್ದು ಎರಡೇ ರಾತ್ರಿ. ಈಗ ನಾಲ್ಕನೆಯ ವರ್ಷ. ಪಾದಗಳು ದೀಪಾವಳಿಯವರೆಗೂ ಬಿಳಿಯಾಗಿಯೇ ಉಳಿಯುತ್ತವೆ.

ಕಿವಿಯ ವಿಷಯದಲ್ಲಿ ಮಾತ್ರ ನನಗೆ ಇನ್ನೂ ಪೂರ್ತಿ ಸಮಾಧಾನವಿಲ್ಲ. ಉಳಿದೆಲ್ಲ ಸರಿಯಿದ್ದಾಗಲೂ ಎಡಗಿವಿಯಲ್ಲಿ ಕಂದು ಮೇಣ ಸೇರುತ್ತದೆ. ಕಿವಿಕಡ್ಡಿಯನ್ನು ನಾನು ಒಳಗೆ ಹಾಕುವುದಿಲ್ಲ, ಅದು ಮೇಣವನ್ನು ಇನ್ನೂ ಆಳಕ್ಕೆ ತಳ್ಳುತ್ತದೆ. ಪ್ರತಿ ಭಾನುವಾರ ರಾತ್ರಿ ಕಿವಿಯ ಹಾಳೆಯನ್ನು ಎತ್ತಿ ಮೂಗು ಹತ್ತಿರ ಒಯ್ದು ವಾಸನೆ ನೋಡುತ್ತೇನೆ. ವಾಸನೆಯಿಲ್ಲದಿದ್ದರೆ ವೈದ್ಯರು ಕೊಟ್ಟ ದ್ರವವನ್ನು ಬಿಟ್ಟು, ಬುಡವನ್ನು ಮೆಲ್ಲಗೆ ಹಿಸುಕಿ, ಅವಳು ತಲೆ ಕೊಡವಿದಾಗ ಹೊರಬಂದದ್ದನ್ನು ಹತ್ತಿಯಿಂದ ಒರೆಸುತ್ತೇನೆ. ಆ ಹಳಸಿದ ಹಿಟ್ಟಿನ ಹುಳಿವಾಸನೆ ಸ್ವಲ್ಪವೇ ಬಂದರೂ ಏನನ್ನೂ ಹಾಕದೆ, ಸೋಮವಾರ ಬೆಳಿಗ್ಗೆ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಡುತ್ತೇನೆ.