ಒಂದು ರುಕೂ, ಒಂದು ಮಧ್ಯಾಹ್ನ: ನಮ್ಮ ಮಹಿಳಾ ತಫ್ಸೀರ್ ಕ್ಲಾಸ್

ಚಿಕ್ಕಮಗಳೂರಿನಲ್ಲಿ ಹೆಂಗಸರಿಗೆ ತಫ್ಸೀರ್, ಅಂದರೆ ಕುರ್‌ಆನ್ ವ್ಯಾಖ್ಯಾನದ ಕ್ಲಾಸ್ ಶುರುಮಾಡುತ್ತೇನೆ ಅಂದರೆ ಮೊದಲು ಬರುವ ಪ್ರಶ್ನೆಯೇ, ಯಾವ ಭಾಷೆಯಲ್ಲಿ? ಘಟ್ಟ ಹತ್ತಿ ಬಂದ ಬ್ಯಾರಿಗಳದ್ದು ಬ್ಯಾರಿ ಭಾಷೆ, ಪೇಟೆಯ ಹಳೇ ಮೊಹಲ್ಲಾಗಳದ್ದು ದಖ್ಖನಿ ಉರ್ದು, ಕೆಲವು ಮನೆಗಳದ್ದು ಮಲಯಾಳಂ. ಉರ್ದುವಿನಲ್ಲಿ ಹೇಳಿದರೆ ಬ್ಯಾರಿ ಹೆಂಗಸರು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತು ಎದ್ದು ಹೋಗುತ್ತಾರೆ. ಬ್ಯಾರಿಯಲ್ಲಿ ಹೇಳಿದರೆ ಉಳಿದವರು ಬರುವುದೇ ಇಲ್ಲ. ಎಲ್ಲರಿಗೂ ಅರ್ಥವಾಗುವುದು ಕನ್ನಡ. ಹಾಗಾಗಿ ಕನ್ನಡದಲ್ಲೇ ಕೂತೆವು. ಯಾರ ಮನೆಮಾತೂ ಅಲ್ಲವಾದ್ದರಿಂದ ಯಾರೂ ಗಡಿಬಿಡಿಯಲ್ಲಿ ಮುಂದೆ ಹೋಗುವುದಿಲ್ಲ. ಪ್ರತಿ ಸಾಲಿಗೂ ಯಾರಾದರೂ ಒಬ್ಬರು 'ಇನ್ನೊಂದ್ಸಲ ಹೇಳಿ' ಅಂದೇ ಅನ್ನುತ್ತಾರೆ. ನಮ್ಮ ಕ್ಲಾಸಿನಲ್ಲಿ ಏನಾದರೂ ಆಳ ಇದ್ದರೆ ಅದು ಬಂದದ್ದು ಈ ನಿಧಾನದಿಂದಲೇ.

ನಾನು ಆಲಿಮ (ಧರ್ಮಶಾಸ್ತ್ರ ಓದಿದ ವಿದುಷಿ) ಅಲ್ಲ. ಮೇಷ್ಟ್ರ ಕೆಲಸ ಮಾಡಿದವಳು, ಪಾಠ ಹೇಗೆ ಕಟ್ಟಬೇಕೆಂದು ಗೊತ್ತು, ಅಷ್ಟೆ. ಅರಬಿ ಮತ್ತು ಫಿಕ್ಹ್ (ಧಾರ್ಮಿಕ ಕಾನೂನು) ಓದಿದ ಒಬ್ಬ ಆಲಿಮ ಜೊತೆಗಿದ್ದಾರೆ. ಅವರು ತಫ್ಸೀರ್ ಹೇಳುತ್ತಾರೆ, ನಾನು ಬೋರ್ಡು, ನೋಟ್ಸು, ಪ್ರಶ್ನೆಗಳನ್ನು ನೋಡಿಕೊಳ್ಳುತ್ತೇನೆ. 'ಇದು ಹಲಾಲಾ, ಹರಾಮಾ' ಎಂಬ ಪ್ರಶ್ನೆಗಳು ಬೇರೆ ನೋಟ್‌ಬುಕ್ಕಿಗೆ ಹೋಗುತ್ತವೆ, ಅಲ್ಲಿಂದ ಉಸ್ತಾದರ ಬಳಿಗೆ. ಈ ಗೆರೆ ಎಳೆದುಕೊಳ್ಳದಿದ್ದರೆ ತಫ್ಸೀರ್ ಕ್ಲಾಸ್ ಬೇಗ ಫತ್ವಾ ಕೌಂಟರ್ ಆಗಿಬಿಡುತ್ತದೆ.

ಸಮಯ ಮಧ್ಯಾಹ್ನದ ಝುಹರ್ ನಮಾಝಿಗೂ ಸಂಜೆಗೆ ಮುಂಚಿನ ಅಸರ್ ನಮಾಝಿಗೂ ನಡುವೆ, ಅಡುಗೆ ಮುಗಿದು ಶಾಲೆ ಮಕ್ಕಳು ಮನೆಗೆ ಬರುವುದರೊಳಗೆ. ಪಾಠದ ಅಳತೆ ಒಂದು ರುಕೂ, ಅಂದರೆ ಕೆಲವು ಆಯತ್‌ಗಳ (ವಚನಗಳ) ಒಂದು ಭಾಗ. ನಮ್ಮ ದೇಶದ ಮುದ್ರಣಗಳಲ್ಲಿ ಅಂಚಿನಲ್ಲಿ ಅರಬಿಯ 'ಐನ್' ಅಕ್ಷರದ ಗುರುತು ಇರುತ್ತದಲ್ಲ, ಅದೇ. ಉಮ್ರಾ ಯಾತ್ರೆಗೆ ಹೋಗಿ ಮದೀನಾ ಮುಸ್‌ಹಫ್ (ಅಲ್ಲಿ ಮುದ್ರಣವಾದ ಕುರ್‌ಆನ್ ಪ್ರತಿ) ತಂದವರು ಮೊದಲ ವಾರ ಪುಟ ತಿರುವಿ ತಿರುವಿ ಸುಸ್ತಾದರು, ಅದರಲ್ಲಿ ರುಕೂ ಗುರುತೇ ಇಲ್ಲ. ಈಗ ಬೋರ್ಡಿನ ಮೇಲೆ ಆಯತ್ ಸಂಖ್ಯೆಯನ್ನೂ ಬರೆಯುತ್ತೇನೆ. ರುಕೂ ಮುಗಿಯದಿದ್ದರೆ ಮುಂದಿನ ವಾರಕ್ಕೂ ಅದೇ. 1994ರಲ್ಲಿ ಇಸ್ಲಾಮಾಬಾದಿನಲ್ಲಿ ಫರ್ಹತ್ ಹಾಶ್ಮಿ ಶುರುಮಾಡಿದ ಅಲ್-ಹುದಾ ಸಂಸ್ಥೆಯ ಉರ್ದು ಪಾಠಗಳನ್ನು ಕೇಳಿದ್ದ ಒಂದಿಬ್ಬರು ಪದ ಪದವಾಗಿ ಅರ್ಥ ಹೇಳುವ ಕ್ರಮ ಬೇಕೆಂದರು. ಒಳ್ಳೆಯ ಕ್ರಮವೇ, ತೆಗೆದುಕೊಂಡೆವು.

ಅಲ್-ಬಕರ ಸೂರಾದಿಂದ (ಅಧ್ಯಾಯದಿಂದ) ಶುರುಮಾಡಲಿಲ್ಲ. 286 ಆಯತ್‌ಗಳ ಸೂರಾದ ಮಧ್ಯದಲ್ಲೇ ಅರ್ಧ ಜನ ಕಳಚಿಕೊಳ್ಳುತ್ತಾರೆಂದು ಗೊತ್ತಿತ್ತು. ನಮಾಝಿನಲ್ಲಿ ದಿನಾ ಓದುವುದನ್ನೇ ಮೊದಲು ಹಿಡಿದೆವು. ಐದು ಹೊತ್ತಿನ ಫರ್ಳ್ (ಕಡ್ಡಾಯ) ನಮಾಝಿನಲ್ಲೇ ಮೊದಲ ಸೂರಾ ಫಾತಿಹಾ 17 ಸಲ ಬಾಯಿಗೆ ಬರುತ್ತದೆ. ಮಧ್ಯಾಹ್ನ ಕಲಿತ ಅರ್ಥ ಅಸರ್ ನಮಾಝಿಗೇ ಉಪಯೋಗಕ್ಕೆ ಬಂದರೆ ಯಾರೂ ಮರೆಯುವುದಿಲ್ಲ. ಅಲ್ಲಿಯೂ ಒಂದು ಚರ್ಚೆ ಎದ್ದಿತು. ನಮ್ಮಲ್ಲಿ ಬ್ಯಾರಿಗಳು ಶಾಫಿಈ, ದಖ್ಖನಿಯವರು ಹನಫಿ, ಫಿಕ್ಹ್‌ನ ಎರಡು ಪಂಥಗಳು. ಶಾಫಿಈಗಳಿಗೆ ಬಿಸ್ಮಿಲ್ಲಾ ಫಾತಿಹಾದ ಒಂದನೇ ಆಯತ್. ಹನಫಿಗಳು ಕೊನೆಯ ಸಾಲನ್ನು ಎರಡು ಮಾಡಿ ಎಣಿಸುತ್ತಾರೆ. ಇಬ್ಬರಿಗೂ ಲೆಕ್ಕ ಏಳೇ.

ಆಮೇಲೆ ಯಾಸೀನ್. ಶುಕ್ರವಾರದ ರಾತ್ರಿ ಎಂದು ನಾವು ಕರೆಯುವ ಗುರುವಾರ ಸಂಜೆ ಎಷ್ಟೋ ಮನೆಗಳಲ್ಲಿ ಓದುವ ಸೂರಾ ಅದು. ನಮ್ಮಲ್ಲೊಬ್ಬ ಹಿರಿಯ ಉಮ್ಮ ಇದ್ದಾರೆ, 83 ಆಯತ್‌ಗಳೂ ಅವರಿಗೆ ಬಾಯಿಪಾಠ. 20ನೇ ಆಯತ್‌ನಲ್ಲಿ ಊರಿನ ಆ ತುದಿಯಿಂದ ಒಬ್ಬ ಮನುಷ್ಯ ಓಡಿ ಬರುತ್ತಾನೆ, 'ನನ್ನ ಜನರೇ, ಈ ದೂತರನ್ನು ಅನುಸರಿಸಿ' ಅನ್ನುತ್ತಾನೆ. ಪಾಠ ಅಲ್ಲಿಗೆ ನಿಂತಿತ್ತು. ಉಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಅಲ್ಲ ಟೀಚರ್, ಅವನಿಗೆ ಆಮೇಲೆ ಏನಾಯ್ತು?" ಅಂದರು. ನಾನು ಉತ್ತರ ಹೇಳದೆ, ಅಲ್ಲಿಂದ ಮುಂದೆ ಓದಿ ಅಂದೆ. ಬಾಗಿಲಲ್ಲೇ ನಿಂತು ಗಡಗಡ ಓದಿದರು. 26ನೇ ಆಯತ್‌ಗೆ ತಡೆದು, 'ಸ್ವರ್ಗ ಪ್ರವೇಶಿಸು ಎಂದು ಅವನಿಗೆ ಹೇಳಲಾಯಿತು' ಎಂದು ಅರ್ಥ ಹೇಳಿದೆ. ಅದೂ ಸಾಲದು, ಅಲ್ಲಿಗೆ ಹೋದವನು 'ನನ್ನ ಜನರಿಗೆ ಇದು ಗೊತ್ತಾಗಿದ್ದರೆ!' ಅನ್ನುತ್ತಾನೆ ಅಂದೆ. ಉಮ್ಮ ಮುಂದಿನ ವಾರ ಅರ್ಧ ಗಂಟೆ ಮೊದಲೇ ಬಂದು ಕೂತಿದ್ದರು.

ತಜ್ವೀದ್ (ಕುರ್‌ಆನನ್ನು ಸರಿಯಾಗಿ ಓದುವ ನಿಯಮ) ಬಗ್ಗೆ ಜಗಳವಿದೆ. ಮಖ್ರಜ್ (ಅಕ್ಷರ ಹೊರಡುವ ಜಾಗ) ಸರಿಯಾಗದೆ ಅರ್ಥಕ್ಕೆ ಕೈ ಹಾಕಬಾರದು ಅನ್ನುವವರು ನಮ್ಮಲ್ಲೂ ಇದ್ದಾರೆ. ನನಗೆ ಒಪ್ಪಿಗೆಯಿಲ್ಲ. ಐವತ್ತು ದಾಟಿದ ಹೆಂಗಸನ್ನು 'ಐನ್' ಗಂಟಲಿನಿಂದ ಬರಲಿಲ್ಲವೆಂದು ತಿಂಗಳುಗಟ್ಟಲೆ ನಿಲ್ಲಿಸಿದರೆ ಅವರು ಎರಡನ್ನೂ ಬಿಡುತ್ತಾರೆ. ತಜ್ವೀದ್‌ಗೆ ಬೇರೆ ದಿನ ಇಟ್ಟೆವು.

ಮುಟ್ಟಿನ ದಿನಗಳ ವಿಷಯ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಸುಮ್ಮನೆ ಒಂದು ವಾರ ಕಾಣೆಯಾಗುತ್ತಿದ್ದರು. ತಿಂಗಳಿಗೊಂದು ಪಾಠ ತಪ್ಪಿದರೆ ವರ್ಷಕ್ಕೆ ಕಾಲುಭಾಗ ಹೋಯಿತು. ಆಲಿಮ ಒಂದು ದಿನ ಸ್ಪಷ್ಟ ಹೇಳಿದರು: ಮುಸ್‌ಹಫ್ ಮುಟ್ಟುವಂತಿಲ್ಲ ನಿಜ, ಕೇಳಲು ಅಡ್ಡಿಯಿಲ್ಲ, ಮೂಲಕ್ಕಿಂತ ವ್ಯಾಖ್ಯಾನವೇ ಹೆಚ್ಚಿರುವ ತಫ್ಸೀರ್ ಪುಸ್ತಕ ಹಿಡಿಯಲು ಶಾಫಿಈ ಫಿಕ್ಹ್‌ನಲ್ಲೂ ಅವಕಾಶವಿದೆ. ಕಪಾಟಿನಲ್ಲಿ ಕನ್ನಡ ವ್ಯಾಖ್ಯಾನದ ಸಂಪುಟಗಳನ್ನು ಇಟ್ಟೆವು. ಯಾರು ಯಾವ ಪುಸ್ತಕ ಎತ್ತಿಕೊಂಡರೂ ಯಾರೂ ತಿರುಗಿ ನೋಡುವುದಿಲ್ಲ.

ಎಲ್ಲರೂ ಬಾಯಿ ತೆರೆದದ್ದು ಅಲ್-ಮುಜಾದಲ ಸೂರಾದಲ್ಲಿ. ಗಂಡ ಔಸ್ 'ನೀನು ನನಗೆ ತಾಯಿಯ ಬೆನ್ನಿದ್ದಂತೆ' ಎಂದು ಹಳೆಯ ಪದ್ಧತಿಯಂತೆ ದೂರ ಮಾಡಿದಾಗ, ಖೌಲ ಬಿಂತ್ ಸಅಲಬ ಪ್ರವಾದಿಯವರ (ಸ) ಮುಂದೆ ಬಂದು ವಾದಿಸಿದರು. ಸೂರಾ ಶುರುವಾಗುವುದೇ 'ಆಕೆಯ ಮಾತನ್ನು ಅಲ್ಲಾಹನು ಕೇಳಿದ್ದಾನೆ' ಎಂದು. ಇದರ 22 ಆಯತ್‌ಗಳಲ್ಲಿ ಒಂದೂ ಬಿಡದೆ ಅಲ್ಲಾಹ್ ಎಂಬ ಹೆಸರಿದೆ ಅಂದೆ. ನಂಬಲಿಲ್ಲ. ಪೆನ್ಸಿಲ್ ಹಿಡಿದು ಒಂದೊಂದಾಗಿ ಹುಡುಕಿದರು, ಅರಬಿ ಓದಲು ತಡವರಿಸುವವರೂ. ಮುಂದೆ ಖಲೀಫ ಉಮರ್ ಅವರನ್ನು ದಾರಿಯಲ್ಲಿ ನಿಲ್ಲಿಸಿ ವೃದ್ಧೆ ಖೌಲ ಬುದ್ಧಿ ಹೇಳಿದ ವರದಿಯೂ ತಫ್ಸೀರ್‌ಗಳಲ್ಲಿದೆ. ಅವತ್ತು ಅಸರ್ ಬಾಂಗ್ ಆದರೂ ಯಾರೂ ಎದ್ದಿರಲಿಲ್ಲ.

ಅನ್ನಿಸಾ ಸೂರಾದಲ್ಲಿ ಆಸ್ತಿ ಪಾಲು ಹೇಳುವ 11 ಮತ್ತು 12ನೇ ಆಯತ್‌ಗಳಿಗೆ ಹಲವು ವಾರ ಹಿಡಿಯಿತು. ಬೋರ್ಡಿನಲ್ಲಿ ಒಂದು ಮನೆ ಬರೆದೆ: ಗಂಡ ತೀರಿಕೊಂಡಿದ್ದಾನೆ, ತಾಯಿ, ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಆಸ್ತಿ 48 ಲಕ್ಷ. ಮಕ್ಕಳಿರುವುದರಿಂದ ಹೆಂಡತಿಗೆ ಎಂಟನೇ ಒಂದು, 6 ಲಕ್ಷ. ತಾಯಿಗೆ ಆರನೇ ಒಂದು, 8 ಲಕ್ಷ. ಉಳಿದ 34ರಲ್ಲಿ ಮಗನಿಗೆ 17, ಹೆಣ್ಣುಮಕ್ಕಳಿಗೆ ಎಂಟೂವರೆ ಎಂಟೂವರೆ. "ತಡೀರಿ" ಅಂದರು ಆಲಿಮ. ಪಾಲಿಗೆ ಮೊದಲು ಸಾಲ ತೀರಬೇಕು, ಕೊಡದೆ ಉಳಿಸಿದ ಮಹರ್ (ಮದುವೆಯಲ್ಲಿ ಹೆಂಡತಿಗೆ ಗಂಡ ಕೊಡಬೇಕಾದ ಧನ) ಕೂಡ ಗಂಡನ ಸಾಲವೇ. ಈ ಮಾತಿಗೆ ಕೋಣೆಯಲ್ಲಿ ಗುಸುಗುಸು ಶುರುವಾಯಿತು. ತಮ್ಮ ಮಹರ್ ಎಷ್ಟೆಂದು ಕೆಲವರಿಗೆ ನೆನಪೇ ಇರಲಿಲ್ಲ.

ಹೆಣ್ಣಿಗೆ ಅರ್ಧ ಯಾಕೆ ಎಂಬ ಪ್ರಶ್ನೆಯೂ ಬಂತು. ಮನೆಖರ್ಚು, ಮಹರ್ ಎಲ್ಲ ಗಂಡಿನ ಹೆಗಲ ಮೇಲಿದೆ ಎಂಬ ವಿವರಣೆ ಕೊಟ್ಟೆವು. ಎಲ್ಲರಿಗೂ ಸಮಾಧಾನವಾಯಿತು ಅನ್ನಲಾರೆ. ಆದರೆ ಮಾತು ಬೇಗ ಬೇರೆ ಕಡೆ ಹೊರಳಿತು. ಆ ಅರ್ಧವಾದರೂ ಯಾರ ಕೈಗೆ ಬಂದಿದೆ? ಅಣ್ಣಂದಿರು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ಕಥೆಗಳು ಒಂದರ ಹಿಂದೆ ಒಂದು ಬಂದವು. ಆಗ ಹಿಂದಕ್ಕೆ ಹೋಗಿ 7ನೇ ಆಯತ್ ಮತ್ತೆ ಓದಿಸಿದೆ: ಸ್ವಲ್ಪವಿರಲಿ, ಹೆಚ್ಚಿರಲಿ, ಹೆಣ್ಣಿಗೆ ನಿಗದಿಯಾದ ಪಾಲಿದೆ. ಕಾಫಿ ತೋಟ ಇದ್ದವರಿಗೆ ಮಾತ್ರ ವಕೀಲರನ್ನು ಕೇಳಿ ಅಂದೆ, 1937ರ ಶರೀಅತ್ ಕಾಯ್ದೆ ಕೃಷಿಭೂಮಿಯನ್ನು ಹೊರಗಿಟ್ಟಿದೆ.

ರಮಝಾನಿನಲ್ಲಿ ಕ್ಲಾಸ್ ಇಲ್ಲ. ಆ ತಿಂಗಳು ಎಲ್ಲರೂ ಖತಂ, ಅಂದರೆ ಇಡೀ ಕುರ್‌ಆನ್ ಓದಿ ಮುಗಿಸುವ ಅವಸರದಲ್ಲಿರುತ್ತಾರೆ, ನಿಲ್ಲಿಸಿ ಅರ್ಥ ಹೇಳಿದರೆ ಬೈದುಕೊಳ್ಳುತ್ತಾರೆ.

ಈಗ ಕೊನೆಗೂ ಅಲ್-ಬಕರಕ್ಕೆ ಬಂದಿದ್ದೇವೆ, ಅದೂ ಹಿಂದಿನಿಂದ. 282ನೇ ಆಯತ್, ಇಡೀ ಕುರ್‌ಆನಿನಲ್ಲೇ ಅತಿ ಉದ್ದದ್ದು, ಸಾಲ ಕೊಟ್ಟರೆ ಬರೆದಿಡಿ ಎಂದು ಹೇಳುವಂಥದ್ದು. ಚೀಟಿ, ಸಂಘದ ಲೋನು, ಕೈಸಾಲ ಎಲ್ಲವೂ ಚರ್ಚೆಗೆ ಬರುತ್ತಿವೆ. ಹೋದ ವಾರ ಒಬ್ಬರು, "ಸ್ವಂತ ಅಣ್ಣನಿಗೆ ಕೊಟ್ಟದ್ದನ್ನೂ ಬರೆಸಬೇಕಾ?" ಎಂದು ಕೇಳಿದರು. ಆಲಿಮ ಆಯತ್ ಇನ್ನೊಮ್ಮೆ ಓದಿದರು. ಕೈಗೆ ಕೈ ನಡೆಯುವ ವ್ಯಾಪಾರಕ್ಕೆ ಅದರಲ್ಲಿ ವಿನಾಯಿತಿ ಇದೆ. ಅಣ್ಣನಿಗಿಲ್ಲ.